ಹಿತ್ತಲೋ ಮಾಳಿಗೆಯೋ, ತಪ್ಪಲೋ ಕಾಯಿಯೋ: ವಿಜಯಪುರದ ಬಿಸಿಲಿನಲ್ಲಿ ಮೊದಲ ಮನೆತೋಟಕ್ಕೆ ಆಯ್ಕೆಯ ಮಾರ್ಗದರ್ಶಿ

ಮನೆಯಲ್ಲೇ ಕಾಯಿಪಲ್ಯ ಬೆಳೆಯಬೇಕೆಂದು ಮೊದಲ ಬಾರಿಗೆ ಮನಸ್ಸು ಮಾಡಿದವರು ಸಾಮಾನ್ಯವಾಗಿ ಬೀಜದ ಅಂಗಡಿಯಿಂದ ಆರಂಭಿಸುತ್ತಾರೆ. ಪೊಟ್ಟಣದ ಮೇಲೆ ಅಚ್ಚಾದ ಕೆಂಪು ಟೊಮೆಟೊ ಮತ್ತು ಡೊಣ್ಣ ಮೆಣಸಿನಕಾಯಿಯ ಚಿತ್ರ ನೋಡಿ ನಾಲ್ಕೈದು ಪೊಟ್ಟಣ ಕೊಂಡು ತಂದ ಮೇಲೆ ಕುಂಡ, ಮಣ್ಣು, ನೀರುಗಳ ಯೋಚನೆ ಶುರುವಾಗುತ್ತದೆ. ವಿಜಯಪುರದಲ್ಲಿ ಮತ್ತು ಬಾಗಲಕೋಟೆಯ ಬಹುಭಾಗದಲ್ಲಿ ಈ ಕ್ರಮವನ್ನು ತಿರುವಿ ಹಾಕಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹಲವು ಬಡಾವಣೆಗಳಲ್ಲಿ ಸವಳು ನೀರಿನ ಬೋರ್‌ವೆಲ್, ಅಂಗಳದಲ್ಲಿ ಕಪ್ಪು ಎರೆಮಣ್ಣು ಇರುವ ಊರಿನಲ್ಲಿ ಯಾವ ಬೆಳೆ ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ತಿಂಗಳು ಮತ್ತು ನೀರು ಮೊದಲೇ ಕೊಟ್ಟುಬಿಟ್ಟಿರುತ್ತವೆ. ಹಾಗಾಗಿ ಈ ಬರಹದಲ್ಲಿ ಹೋಲಿಕೆಗಳು ಅದೇ ಕ್ರಮದಲ್ಲಿ ಬರುತ್ತವೆ: ಮೊದಲು ಕಾಲ, ಆಮೇಲೆ ನೀರು, ಆಮೇಲೆ ಜಾಗ, ಕೊನೆಗೆ ಬೆಳೆ.

ಯಾವ ತಿಂಗಳಲ್ಲಿ ಕೈಹಚ್ಚಬೇಕು

ಆರಂಭಕ್ಕೆ ಮೂರು ಅವಕಾಶಗಳಿವೆ. ಜೂನ್‌ನಲ್ಲಿ ಮುಂಗಾರಿ, ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಹಿಂಗಾರಿ, ಫೆಬ್ರವರಿಯಲ್ಲಿ ಬೇಸಿಗೆ ಬೆಳೆ. ಬಹಳ ಜನ ಮೊದಲ ಮಳೆಯ ಹುರುಪಿನಲ್ಲಿ ಜೂನ್ ತಿಂಗಳನ್ನು ಆರಿಸಿಕೊಳ್ಳುತ್ತಾರೆ. ಆದರೆ ವಿಜಯಪುರದಲ್ಲಿ ಜೂನ್ ಮತ್ತು ಜುಲೈ ತಿಂಗಳ ಮಳೆಗೆ ನಂಬಿಕೆಯಿಲ್ಲ. ಒಂದು ದಿನ ಸುರಿದು ಎರಡು ವಾರ ಮುಖ ತೋರಿಸದೆ ಇರುವುದುಂಟು, ಅದರ ಜೊತೆಗೆ ಆಷಾಢದ ಗಾಳಿ ಎಳೆಯ ಸಸಿಗಳನ್ನು ಬುಡದಲ್ಲೇ ಅಲ್ಲಾಡಿಸಿ ಬೇರು ಊರಲು ಬಿಡುವುದಿಲ್ಲ. ಮುಂಗಾರಿಯಲ್ಲಿ ಬೆಂಡೆ, ಚವಳಿಕಾಯಿ (ಗೋರಿಕಾಯಿ), ಹೀರೆ, ಪುಂಡಿಪಲ್ಯದಂತಹ ಗಟ್ಟಿ ಬೆಳೆಗಳು ಚೆನ್ನಾಗಿಯೇ ಬರುತ್ತವೆ. ಕೈ ಪಳಗಿದವರಿಗೆ ಅದು ಒಳ್ಳೆಯ ಕಾಲ.

ಹೊಸಬರಿಗೆ ಹಿಂಗಾರಿಯೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇಲ್ಲಿ ಸೆಪ್ಟೆಂಬರ್ ಒಳ್ಳೆಯ ಮಳೆಯ ತಿಂಗಳು. ಎರೆ ಭೂಮಿಯ ರೈತರು ಬಿಳಿಜೋಳ, ಕಡಲೆ, ಕುಸುಬಿ ಬಿತ್ತಲು ಕಾಯುವುದೂ ಇದೇ ಹದಕ್ಕೆ. ಆ ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ಜನವರಿಯ ಕೊನೆಯವರೆಗೆ ಬಿಸಿಲು ಹಿತವಾಗಿರುತ್ತದೆ, ನೀರು ಬೇಗ ಆರುವುದಿಲ್ಲ, ಮೆಂತ್ಯೆ, ಕೊತ್ತಂಬರಿ, ಪಾಲಕ್, ಮೂಲಂಗಿ, ಗಜ್ಜರಿಗಳಿಂದ ಹಿಡಿದು ಟೊಮೆಟೊವರೆಗೆ ಏನು ಹಾಕಿದರೂ ಕೈಕೊಡುವ ಸಾಧ್ಯತೆ ಕಡಿಮೆ. ಒಂದು ದಿನ ನೀರು ಹಾಕಲು ಮರೆತರೂ ಗಿಡ ಸಹಿಸಿಕೊಳ್ಳುವ ಕಾಲ ಇದೊಂದೇ.

ಫೆಬ್ರವರಿಯ ಆರಂಭವನ್ನು ಮೊದಲ ವರ್ಷ ಕೈಬಿಡುವುದು ಲೇಸು. ಬಿತ್ತಿದ ಬೆಳೆ ಹೂ ಕಚ್ಚುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿಯನ್ನು ಬಹಳ ದಿನ ಮೀರಿದರೆ ಮತ್ತು ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂಗಳು ಕಾಯಾಗದೆ ಉದುರುತ್ತವೆ, ಎಲೆ ಮುದುಡಿಸುವ ನಂಜನ್ನು ಹರಡುವ ಬಿಳಿನೊಣವೂ ಅದೇ ಕಾಲಕ್ಕೆ ಹೆಚ್ಚಾಗುತ್ತದೆ. ಬೆಳಗಾವಿ ನಗರದ ಲೆಕ್ಕವೇ ಬೇರೆ. ಅಲ್ಲಿ ಮಳೆ ವಿಜಯಪುರದ ಸುಮಾರು ಎರಡು ಪಟ್ಟು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಆಗಸ್ಟ್‌ವರೆಗಿನ ಜಿಟಿಜಿಟಿ ಮಳೆ. ಬಿಸಿಲೇ ಕಾಣದ ಆ ವಾರಗಳಲ್ಲಿ ತಪ್ಪಲ ಪಲ್ಯ, ಅಂದರೆ ಸೊಪ್ಪು, ಕೊಳೆಯುತ್ತದೆ. ಆದ್ದರಿಂದ ಅಲ್ಲಿಯವರಿಗೂ ಸೆಪ್ಟೆಂಬರ್‌ನ ಆರಂಭವೇ ಸೂಕ್ತ. ಆದರೆ ಅಲ್ಲಿ ಬೇಸಿಗೆ ಮೆತ್ತಗಿರುವುದರಿಂದ ಫೆಬ್ರವರಿಯ ಬೆಳೆಗೂ ಧೈರ್ಯ ಮಾಡಬಹುದು.

ನಳದ ನೀರು, ಬೋರಿನ ನೀರು, ಮಳೆನೀರು

ಹೊಸಬರ ಗಿಡಗಳು ಸಾಯುವುದಕ್ಕೆ ರೋಗಕ್ಕಿಂತ ನೀರು ಹೆಚ್ಚು ಕಾರಣ. ಕಡಿಮೆಯಾಗಿ ಸಾಯುವವು ಕೆಲವು, ಅತಿಯಾಗಿ ಕೊಳೆಯುವವು ಹಲವು, ಉಪ್ಪಿನಿಂದ ಸೊರಗುವವು ಇನ್ನೂ ಕೆಲವು. ಮೊದಲೆರಡನ್ನು ಬೆರಳಿನಿಂದಲೇ ತಿಳಿಯಬಹುದು: ತೋರುಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿದಾಗ ತುದಿಗೆ ತಂಪು ತಾಗಿದರೆ ಆ ದಿನ ನೀರು ಬೇಡ. ಮೂರನೆಯದು ಮೇಲ್ನೋಟಕ್ಕೆ ಬೇಗ ತಿಳಿಯುವುದಿಲ್ಲ. ಬೋರಿನ ನೀರು ಹಾಕಿದ ಮಣ್ಣಿನ ಕುಂಡದ ಹೊರಮೈಯನ್ನು ಎರಡು ತಿಂಗಳ ನಂತರ ಗಮನಿಸಿದರೆ ಅಂಚಿನ ಕೆಳಗೆ ಬಿಳಿಯ ಪುಡಿಪುಡಿ ಪಟ್ಟಿ ಎದ್ದಿರುತ್ತದೆ, ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರುತ್ತದೆ. ಅದೇ ಲವಣ ಮಣ್ಣಿನೊಳಗೂ ಕೂಡುತ್ತಿರುತ್ತದೆ, ಎಲೆಗಳ ಅಂಚು ಒಣಗಿ ಕಂದಾಗುವುದು ಅದರ ಗುರುತು.

ನೀರಿನ ಪರೀಕ್ಷೆಯನ್ನು ಒಮ್ಮೆ ಮಾಡಿಸುವುದು ಗೊಬ್ಬರದ ಹತ್ತು ಚೀಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಣ್ಣು ಮತ್ತು ನೀರಿನ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ವರದಿಯಲ್ಲಿ ನೀರಿನ ಉಪ್ಪಿನಂಶವನ್ನು ತೋರಿಸುವ ವಿದ್ಯುತ್ ವಾಹಕತೆ ಎಂಬ ಸಾಲನ್ನು ನೋಡಬೇಕು. ಅದು ಮೀಟರಿಗೆ 0.7 ಡೆಸಿಸೀಮನ್ಸ್‌ಗಿಂತ ಕಡಿಮೆಯಿದ್ದರೆ ಯಾವ ಬೆಳೆಗೂ ಅಂಜಬೇಕಿಲ್ಲ, 3 ದಾಟಿದ್ದರೆ ಆ ನೀರಿನಲ್ಲಿ ಕುಂಡದ ತೋಟ ಮಾಡುವ ವಿಚಾರವನ್ನೇ ಬಿಡುವುದು ಒಳಿತು. ನಡುವಿನ ನೀರು ಇರುವವರು ಬೆಳೆಯ ಆಯ್ಕೆಯಲ್ಲಿ ಎಚ್ಚರ ವಹಿಸಬೇಕು. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಮತ್ತು ಲಿಂಬೆ ಉಪ್ಪಿಗೆ ಬೇಗ ಸೋಲುತ್ತವೆ. ಪಾಲಕ್, ಬೀಟ್‌ರೂಟ್, ದಾಳಿಂಬೆ, ಚಿಕ್ಕು ಮತ್ತು ಬಾರಿ (ಬೋರೆ) ಗಿಡಗಳು ಅದನ್ನು ಅವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ.

ನಳದ ನೀರು ಈ ಮೂರರಲ್ಲಿ ಅನುಕೂಲಕರ. ಆದರೆ ಅದು ದಿನ ಬಿಟ್ಟು ದಿನ ಅಥವಾ ಇನ್ನೂ ತಡವಾಗಿ ಬರುವ ಬಡಾವಣೆಗಳಲ್ಲಿ ಕುಡಿಯುವ ನೀರಿಗೂ ತೋಟಕ್ಕೂ ಪೈಪೋಟಿ ಏಳುತ್ತದೆ. ಅಂಥವರು ನಳದ ನೀರನ್ನು ಬಿತ್ತನೆಗೆ ಮತ್ತು ಎಳೆಯ ಸಸಿಗಳಿಗೆ ಮೀಸಲಿಟ್ಟು, ಬಲಿತ ಗಿಡಗಳಿಗೆ ಬೋರಿನ ನೀರು ಹಾಕಬಹುದು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ನಿಶ್ಚಿಂತೆಯಿಂದ ಬಳಸಲು ಯೋಗ್ಯ. ಆದರೆ ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಸುರಿಯುವವರು, ಅದರಲ್ಲಿ ಮೂಲ ನೀರಿಗಿಂತ ಲವಣ ಹೆಚ್ಚಿರುತ್ತದೆ ಎಂಬುದನ್ನು ಗಮನಿಸಬೇಕು. ಸವಳು ಬೋರಿನ ಮನೆಗಳಲ್ಲಿ ಅದು ಅಂಗಳ ತೊಳೆಯಲು ಸರಿ, ತೋಟಕ್ಕೆ ಸಲ್ಲದು. ಮಳೆನೀರಿನ ಬಗ್ಗೆ ಹೇಳುವುದಾದರೆ, 1,000 ಚದರ ಅಡಿಯ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು ಇಳಿಯುತ್ತದೆ. ಒಂದೆರಡು ಬ್ಯಾರೆಲ್ ಇಟ್ಟರೂ ಹಿಂಗಾರಿಯ ಬಿತ್ತನೆಗೆ ಸಾಕಾಗುವ ಸಿಹಿನೀರು ಸಿಗುತ್ತದೆ. ಬ್ಯಾರೆಲಿನ ಬಾಯಿಗೆ ಸೊಳ್ಳೆ ಹೋಗದಂತೆ ಬಟ್ಟೆ ಬಿಗಿಯಬೇಕು, ಅಷ್ಟೇ.

ಹಿತ್ತಲು ಅಥವಾ ಮಾಳಿಗೆ

ಎರಡೂ ಇದ್ದವರು ಹಿತ್ತಲನ್ನೇ ಆರಿಸಿಕೊಳ್ಳಬೇಕು. ನೆಲದಲ್ಲಿ ಬೇರು ಆಳಕ್ಕೆ ಇಳಿದು ತನ್ನ ತಂಪನ್ನು ತಾನೇ ಹುಡುಕಿಕೊಳ್ಳುತ್ತದೆ. ಮಾಳಿಗೆಯ ಕುಂಡದಲ್ಲಿ ಬೇರಿಗೆ ಸುತ್ತಲಿಂದಲೂ ಬಿಸಿ ತಾಗುತ್ತದೆ, ಕೆಳಗಿನ ಕಾಂಕ್ರೀಟು ಸಂಜೆ ಏಳರವರೆಗೂ ಕಾವು ಕಾರುತ್ತಿರುತ್ತದೆ. ಏಪ್ರಿಲ್‌ನಲ್ಲಿ ನೆಲದ ಬದನೆ ಗಿಡಕ್ಕೆ ಎರಡು ದಿನಕ್ಕೊಮ್ಮೆ ನೀರು ಸಾಕಾದರೆ, ಅದೇ ಗಿಡ ಮಾಳಿಗೆಯ ಕುಂಡದಲ್ಲಿದ್ದಾಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಕೇಳುತ್ತದೆ. ಊರಿಗೆ, ಮದುವೆಗೆ, ಜಾತ್ರೆಗೆ ಎರಡು ದಿನ ಹೋಗಿಬರುವ ಮನೆಗಳಲ್ಲಿ ಈ ವ್ಯತ್ಯಾಸ ದೊಡ್ಡದು.

ಹಿತ್ತಲಿಗಿರುವ ತೊಂದರೆ ಮಣ್ಣಿನದು. ಎರೆಮಣ್ಣು ಸತ್ವವುಳ್ಳದ್ದು, ನೀರನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಅದಕ್ಕೆ ಸಮವಿಲ್ಲ. ಆದರೆ ಒದ್ದೆಯಾದಾಗ ಉಬ್ಬಿ ಗಾಳಿಯಾಡದಂತಾಗುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು ಬೇರು ಹರಿಯುತ್ತದೆ. ಇದಕ್ಕೆ ಪರಿಹಾರ ಮಣ್ಣನ್ನು ಬದಲಿಸುವುದಲ್ಲ, ಮಡಿಯನ್ನು ಎತ್ತರಿಸುವುದು. ಮೂರು ಅಡಿ ಅಗಲದ, ಅರ್ಧದಿಂದ ಒಂದು ಅಡಿ ಎತ್ತರದ ಮಡಿ ಕಟ್ಟಿ, ಅದರಲ್ಲಿ ಕಳಿತ ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಬೆರೆಸಿದರೆ ಹೆಚ್ಚಾದ ನೀರು ಬದಿಗೆ ಇಳಿಯುತ್ತದೆ. ಮೂರು ಅಡಿ ಏಕೆಂದರೆ ಎರಡೂ ಬದಿಯಿಂದ ಕೈ ನಡುವಿಗೆ ನಿಲುಕಬೇಕು, ಮಡಿಯೊಳಗೆ ಕಾಲಿಡುವ ಪ್ರಸಂಗ ಬರಬಾರದು. ಇಟ್ಟಿಗೆ ಜೋಡಿಸಿ ಕಟ್ಟೆ ಮಾಡಿದರೆ ಇನ್ನೂ ಒಳ್ಳೆಯದು, ಸಿಮೆಂಟು ಬೇಕಾಗಿಲ್ಲ. ಬಾದಾಮಿ, ಇಳಕಲ್ ಕಡೆಯ ಕೆಂಪು ಮಸಾರಿ ಮಣ್ಣಿನವರಿಗೆ ಈ ಸಮಸ್ಯೆಯಿಲ್ಲ. ಅವರಿಗೆ ನೀರು ಬೇಗ ಬಸಿದುಹೋಗುವುದೇ ಚಿಂತೆ, ಅದಕ್ಕೂ ಮದ್ದು ತಿಪ್ಪೆಗೊಬ್ಬರವೇ. ಬಾದಾಮಿಯವರಿಗೆ ಮಂಗಗಳ ಕಾಟಕ್ಕೆ ಮಾತ್ರ ತಂತಿಬಲೆಯ ಹೊರತು ನನ್ನಲ್ಲಿ ಬೇರೆ ಉಪಾಯವಿಲ್ಲ.

ಮಾಳಿಗೆಯೊಂದೇ ಗತಿ ಎನ್ನುವವರು ಭಾರದ ಲೆಕ್ಕ ಹಾಕಬೇಕು. ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಚೀಲದಲ್ಲಿ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದು 25 ಕಿಲೋ ದಾಟುತ್ತದೆ, ಅಂತಹ ಇಪ್ಪತ್ತು ಚೀಲಗಳೆಂದರೆ ಅರ್ಧ ಟನ್. ಹೊಸ ಕಾಂಕ್ರೀಟು ಛಾವಣಿಯ ಮೇಲೆ ಗೋಡೆ ಮತ್ತು ತೊಲೆಗಳ ಸಾಲಿಗೆ ಇಟ್ಟರೆ ಅಡ್ಡಿಯಿಲ್ಲ. ಮಣ್ಣಿನ ಹಳೆಯ ಮಾಳಿಗೆಯ ಮೇಲಾಗಲಿ, ಈಗಾಗಲೇ ಸೋರುವ ಛಾವಣಿಯ ಮೇಲಾಗಲಿ ತೋಟ ಮಾಡಲೇಬಾರದು. ಕುಂಡಗಳ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ನೀರು ನಿಂತು ಛಾವಣಿ ಹಾಳಾಗುವುದು ತಪ್ಪುತ್ತದೆ, ಕಾಂಕ್ರೀಟಿನ ಕಾವೂ ಕಡಿಮೆಯಾಗುತ್ತದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಶೇಕಡ 50ರ ನೆರಳು ಪರದೆ ಅನಿವಾರ್ಯ. ಆಷಾಢದಲ್ಲಿ ಅದನ್ನು ಬಿಚ್ಚಿಡದಿದ್ದರೆ ಗಾಳಿ ಹಾಯಿಯಂತೆ ತುಂಬಿ ಕಂಬಗಳನ್ನೇ ಎತ್ತಿ ಹಾಕುತ್ತದೆ.

ಕುಂಡಗಳ ಪೈಕಿ ಮಣ್ಣಿನವು ಬೇರಿಗೆ ಒಳ್ಳೆಯವು, ಆದರೆ ಮೈಯಿಂದಲೇ ನೀರು ಆರುವುದರಿಂದ ನಮ್ಮ ಬೇಸಿಗೆಗೆ ದುಬಾರಿ. ಗ್ರೋ ಬ್ಯಾಗ್ ಅಗ್ಗ, ಹಗುರ, ಆದರೆ ತೆಳುವಾದವು ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಹರಿಯುತ್ತವೆ. ಬಣ್ಣದ ಡಬ್ಬಿಗಳನ್ನು ಚೆನ್ನಾಗಿ ತೊಳೆದು ತಳಕ್ಕೆ ನಾಲ್ಕೈದು ತೂತು ಹಾಕಿದರೆ ಯಾವ ಅಂಗಡಿಯ ಕುಂಡಕ್ಕೂ ಕಡಿಮೆಯಿಲ್ಲ. ಕುಂಡಕ್ಕೆ ಎರೆಮಣ್ಣನ್ನು ಮಾತ್ರ ತುಂಬಬಾರದು, ಅದು ಒಣಗಿದಾಗ ಕುಗ್ಗಿ ಅಂಚಿನಿಂದ ಬಿಡುತ್ತದೆ, ಹಾಕಿದ ನೀರೆಲ್ಲ ಆ ಸಂದಿಯಿಂದ ತಳಕ್ಕೆ ಸೋರಿ ಬೇರು ಒಣಗಿಯೇ ಉಳಿಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ಕಳಿತ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ, ಪ್ರತಿ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಮತ್ತು ಗೆದ್ದಲಿಗೆ ಔತಣ ಕೊಟ್ಟಂತೆ. ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಅದನ್ನು ಮೂಸಿ ನೋಡಬೇಕು: ಸಗಣಿಯ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು.

ತಪ್ಪಲ ಪಲ್ಯವೋ, ಕಾಯಿಯೋ

ಮೊದಲ ಮೂರು ತಿಂಗಳು ತಪ್ಪಲ ಪಲ್ಯಕ್ಕೇ ಮೀಸಲಾಗಿರಲಿ ಎನ್ನಲು ಬಲವಾದ ಕಾರಣಗಳಿವೆ. ರಾಜಗಿರಿ ಮತ್ತು ಮೆಂತ್ಯೆ 25ರಿಂದ 30 ದಿನಗಳಲ್ಲಿ, ಪಾಲಕ್ ಮತ್ತು ಕೊತ್ತಂಬರಿ 35ರಿಂದ 45 ದಿನಗಳಲ್ಲಿ ಕೈಗೆ ಬರುತ್ತವೆ. ಟೊಮೆಟೊ, ಬದನೆಗಳು ನಾಟಿ ಮಾಡಿದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಯಿಸುತ್ತವೆ, ಅದಕ್ಕೆ ಮೊದಲು ಮಡಿಯಲ್ಲಿ ಸಸಿಯಾಗಲು ಒಂದು ತಿಂಗಳು ಬೇರೆ. ಒಂದು ಬೆಳೆ ಕೆಟ್ಟರೆ ತಪ್ಪಲಿನಲ್ಲಿ ನಷ್ಟವಾಗುವುದು ಮೂರು ವಾರ, ಕಾಯಿಯಲ್ಲಿ ಒಂದು ಋತುವೇ ಹೋಗುತ್ತದೆ. ಇನ್ನೊಂದು ಕಾರಣ ಅಡುಗೆಮನೆಯದು. ನಾಲ್ಕು ಬೆಂಡೆ ಗಿಡಗಳಿಂದ ಒಂದು ಸಲಕ್ಕೆ ಸಿಗುವುದು ಆರೇಳು ಕಾಯಿ, ಅದರಿಂದ ಪಲ್ಯವಾಗುವುದಿಲ್ಲ, ಮರುದಿನದವರೆಗೆ ಇಟ್ಟರೆ ಗಿಡದಲ್ಲಿದ್ದವು ಬಲಿಯುತ್ತವೆ. ಆದರೆ ಮೂರು ಅಡಿ ಉದ್ದದ ಮೆಂತ್ಯೆ ಮಡಿಯಿಂದ ಒಂದು ಹೊತ್ತಿನ ರೊಟ್ಟಿಗೆ ಸಾಕಾಗುವಷ್ಟು ಪಲ್ಯ ಖಂಡಿತ ಬರುತ್ತದೆ.

ತಪ್ಪಲುಗಳಲ್ಲೂ ಕಾಲಕ್ಕೆ ತಕ್ಕ ಆಯ್ಕೆಯಿದೆ. ಮೆಂತ್ಯೆ, ಕೊತ್ತಂಬರಿ, ಪಾಲಕ್, ಸಬ್ಬಸಗಿ ತಂಪು ಬಯಸುವವು. ಕೊತ್ತಂಬರಿಯನ್ನು ಬೇಸಿಗೆಯಲ್ಲಿ ಹಾಕಿದರೆ ಎಲೆ ತುಂಬುವ ಮೊದಲೇ ಹೂವಿಗೆ ಹೋಗುತ್ತದೆ. ರಾಜಗಿರಿ, ಪುಂಡಿ, ಬಸಳೆಗಳು ಬಿಸಿಲನ್ನು ತಡೆಯುತ್ತವೆ. ಫೆಬ್ರವರಿಯ ನಂತರವೂ ತೋಟ ಹಸಿರಾಗಿರಬೇಕೆನ್ನುವವರಿಗೆ ಈ ಮೂರೇ ಆಸರೆ. ಮೆಂತ್ಯೆ ಮತ್ತು ಕೊತ್ತಂಬರಿಗೆ ಬೀಜದ ಪೊಟ್ಟಣವನ್ನೇ ಕೊಳ್ಳಬೇಕಿಲ್ಲ, ಹೊಸದಾಗಿ ತಂದ ಕಿರಾಣಿ ಅಂಗಡಿಯ ಕಾಳುಗಳೇ ಮೊಳೆಯುತ್ತವೆ. ಕೊತ್ತಂಬರಿ ಕಾಳನ್ನು ಕಲ್ಲಿನಿಂದ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮೊಳಕೆಗೆ ಎಂಟು ಹತ್ತು ದಿನ ಹಿಡಿಯುವುದರಿಂದ, ಐದನೆಯ ದಿನವೇ ಬೀಜ ಕೆಟ್ಟಿದೆಯೆಂದು ಮಡಿಯನ್ನು ಕೆದಕಬಾರದು.

ಕಾಯಿಗಳಲ್ಲಿ ನಾನು ಕೊಡುವ ಕ್ರಮ ಹೀಗಿದೆ: ಮೊದಲು ಬದನೆ, ಆಮೇಲೆ ಚವಳಿ, ಆಮೇಲೆ ಬೆಂಡೆ, ಆಮೇಲೆ ಮೆಣಸಿನಕಾಯಿ ಮತ್ತು ಹೀರೆ, ಕೊನೆಗೆ ಟೊಮೆಟೊ. ಟೊಮೆಟೊವನ್ನು ಕೊನೆಗೆ ಇಟ್ಟದ್ದು ಹಲವರಿಗೆ ರುಚಿಸಲಿಕ್ಕಿಲ್ಲ. ಆದರೆ ಆಸರೆ ಕಟ್ಟುವುದು, ಸಮನಾಗಿ ನೀರು ಕೊಡುವುದು, ಬಿಳಿನೊಣ ಕಾಯುವುದು, ಈ ಮೂರರಲ್ಲಿ ಯಾವುದು ತಪ್ಪಿದರೂ ಅದು ಮುನಿಯುತ್ತದೆ. ಒಂದು ವಾರ ಒಣಗಿಸಿ ಮರುವಾರ ತುಂಬ ನೀರು ಹಾಕಿದರೆ ಕಾಯಿಯ ತುದಿ ಕಪ್ಪಾಗಿ ಕುಸಿಯುತ್ತದೆ. ಅದು ರೋಗವಲ್ಲ, ನೀರಿನ ಏರುಪೇರಿನಿಂದ ಸುಣ್ಣದಂಶ ಕಾಯಿಗೆ ತಲುಪದೆ ಆಗುವ ಕೊರತೆ, ಔಷಧಿ ಹೊಡೆದು ಪ್ರಯೋಜನವಿಲ್ಲ.

ಬದನೆ ಹಾಗಲ್ಲ. ನಮ್ಮ ಭಾಗದ ಮಣ್ಣು, ಬಿಸಿಲು, ಬಾಯಿರುಚಿ ಮೂರಕ್ಕೂ ಒಗ್ಗಿದ ಗಿಡ ಅದು. ನಾಲ್ಕು ಗಿಡ ಇದ್ದರೆ ಸಣ್ಣ ಸಂಸಾರಕ್ಕೆ ವಾರಕ್ಕೊಮ್ಮೆ ಎಣ್ಣೆಗಾಯಿಗೆ ಬರ ಬರುವುದಿಲ್ಲ, ಸವರಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ಅದರ ಒಬ್ಬನೇ ದೊಡ್ಡ ಶತ್ರು ಕಾಯಿಕೊರಕ ಹುಳು. ಬೆಳಿಗ್ಗೆ ಗಿಡವೆಲ್ಲ ನಳನಳಿಸುತ್ತಿದ್ದು ಒಂದೇ ಒಂದು ಚಿಗುರು ಮಾತ್ರ ತಲೆ ಬಾಗಿಸಿ ನಿಂತಿದ್ದರೆ, ಅದರ ಕಾಂಡದಲ್ಲಿ ಸೂಜಿ ಚುಚ್ಚಿದಂತಹ ತೂತನ್ನು ಹುಡುಕಬೇಕು. ಆ ತೂತಿಗಿಂತ ಒಂದು ಇಂಚು ಕೆಳಗೆ ಕತ್ತರಿಸಿ ಸೀಳಿದರೆ ಒಳಗೆ ಮಾಸಲು ಗುಲಾಬಿ ಬಣ್ಣದ ಹುಳು ಸಿಗುತ್ತದೆ. ಹೂ ಬರುವ ಮೊದಲಿನ ವಾರಗಳಲ್ಲಿ ಇಂತಹ ಚಿಗುರುಗಳನ್ನು ಕಿತ್ತು ಸುಟ್ಟರೆ ಕಾಯಿಗೆ ಹತ್ತುವ ಹುಳು ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ಗಿಡದ ತೋಟದಲ್ಲಿ ಇದು ಎರಡು ನಿಮಿಷದ ಕೆಲಸ, ಎಕರೆಗಟ್ಟಲೆ ಬೆಳೆಯುವ ರೈತನಿಗೆ ಈ ಅನುಕೂಲವಿಲ್ಲ.

ಚವಳಿಕಾಯಿ ಬರವನ್ನು ತಾಳುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಟ್ಟು ಮುಂದಿನ ಬೆಳೆಗೂ ನೆರವಾಗುತ್ತದೆ. ಬೆಂಡೆಯನ್ನು ನೇರವಾಗಿ ಬಿತ್ತಬೇಕು, ಹತ್ತು ಹನ್ನೆರಡು ಗಿಡಕ್ಕಿಂತ ಕಡಿಮೆ ಹಾಕಬಾರದು. ಎಲೆಯ ನರಗಳೆಲ್ಲ ಹಳದಿ ಬಲೆಯಂತೆ ಎದ್ದು ಕಂಡರೆ ಆ ಗಿಡವನ್ನು ಕೂಡಲೇ ಕಿತ್ತು ಹಾಕಬೇಕು, ಆ ನಂಜಿಗೆ ಔಷಧಿಯಿಲ್ಲ. ಹೀರೆಗೆ ಹಂದರ ಬೇಕು, ಮಾಳಿಗೆಯಲ್ಲಿ ದುಂಬಿಗಳ ಸುಳಿವು ಕಡಿಮೆಯಿದ್ದರೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಮೊದಲು ಗೊಂಚಲಾಗಿ ಬರುವವು ಗಂಡು ಹೂಗಳು, ಅವು ಉದುರಿದರೆ ಗಾಬರಿ ಬೇಡ. ಹಿಂಬದಿಯಲ್ಲಿ ಬೆರಳಿನಷ್ಟು ಎಳೆಗಾಯಿ ಇರುವುದೇ ಹೆಣ್ಣು ಹೂ. ಹೀರೆಯ ಹೂ ಅರಳುವುದು ಸಂಜೆ, ಸವತೆ ಮತ್ತು ಹಾಗಲದ್ದು ಬೆಳಿಗ್ಗೆ. ಬೆಳಿಗ್ಗೆ ಎದ್ದು ಹೀರೆಗೆ ಪರಾಗ ಮುಟ್ಟಿಸಲು ಹೋದವರಿಗೆ ಬಾಡಿದ ಹೂಗಳೇ ಸಿಗುತ್ತವೆ.

ಜವಾರಿ ಮತ್ತು ಹೈಬ್ರಿಡ್ ಬೀಜಗಳ ವಾದದಲ್ಲಿ ಎರಡೂ ಕಡೆ ಸತ್ಯವಿದೆ. ಬದನೆ, ಹೀರೆ, ಚವಳಿ, ಎಲ್ಲ ತಪ್ಪಲುಗಳಿಗೆ ಜವಾರಿಯನ್ನೇ ಆರಿಸಿಕೊಳ್ಳಬೇಕು. ರುಚಿ ಅದರದ್ದೇ, ಬೀಜವನ್ನು ಮುಂದಿನ ವರ್ಷಕ್ಕೆ ಕಾಯ್ದಿಡಬಹುದು. ಟೊಮೆಟೊ ಮತ್ತು ಬೆಂಡೆಯಲ್ಲಿ ಮಾತ್ರ ರೋಗ ತಡೆಯುವ ತಳಿಗೆ ಬೆಲೆಯಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ, ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ ಮತ್ತು ಎಲೆ ಅಂಗಮಾರಿ ಮೂರಕ್ಕೂ ಪ್ರತಿರೋಧ ತೋರುವ ಸಂಕರಣ ತಳಿ, ಅದರ ಬೀಜವನ್ನು ಕಾಯ್ದಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಹಳದಿ ನರದ ನಂಜನ್ನು ತಡೆಯಲೆಂದು ಬಂದ ತಳಿ, ಅದು ಹೈಬ್ರಿಡ್ ಅಲ್ಲದ್ದರಿಂದ ಬೀಜ ಉಳಿಸಿಕೊಳ್ಳಬಹುದು. ಪೊಟ್ಟಣದ ಬೀಜಕ್ಕೆ ಗುಲಾಬಿ ಅಥವಾ ನೀಲಿ ಲೇಪ ಇದ್ದರೆ ಅದು ಶಿಲೀಂಧ್ರನಾಶಕ, ಮಕ್ಕಳ ಕೈಗೆ ಕೊಡಬಾರದು, ಬಿತ್ತಿದ ಮೇಲೆ ಕೈ ತೊಳೆಯಬೇಕು. ಬದನೆ, ಮೆಣಸು, ಟೊಮೆಟೊಗಳಿಗೆ ಮೊದಲ ವರ್ಷ ಬೀಜಕ್ಕಿಂತ ನರ್ಸರಿಯ ಅಗಿಯೇ ಸುಲಭ. ಎತ್ತರದ, ಹೂ ಬಿಟ್ಟ ಅಗಿಗಿಂತ ಗೇಣುದ್ದದ, ದಪ್ಪ ಕಾಂಡದ ಅಗಿ ಮೇಲು. ನಾಟಿ ಸಂಜೆಯೇ ಆಗಬೇಕು.

ಒಂದೇ ಹಣ್ಣಿನ ಗಿಡಕ್ಕೆ ಜಾಗವಿದ್ದರೆ

ಕಾಯಿಪಲ್ಯದಲ್ಲಿ ಆಯ್ಕೆ ತಪ್ಪಿದರೆ ಮೂರು ತಿಂಗಳಲ್ಲಿ ಸರಿಪಡಿಸಿಕೊಳ್ಳಬಹುದು, ಹಣ್ಣಿನ ಗಿಡದಲ್ಲಿ ವರ್ಷಗಳೇ ಹೋಗುತ್ತವೆ. ಆದುದರಿಂದ ಇಲ್ಲಿ ಅವಸರ ಸಲ್ಲದು. ಸ್ಟ್ರಾಬೆರಿ, ಸೇಬು ಮುಂತಾದ ತಂಪುಸೀಮೆಯ ಗಿಡಗಳನ್ನು ನರ್ಸರಿಯವರು ಎಷ್ಟೇ ಹೊಗಳಿದರೂ ವಿಜಯಪುರದಲ್ಲಿ ಅವುಗಳ ಗೊಡವೆಗೆ ಹೋಗಬಾರದು.

ಬೇಗ ಫಲ ಬೇಕೆನ್ನುವವರಿಗೆ ಪಪ್ಪಾಯಿ ಮತ್ತು ನುಗ್ಗೆ. ಪಪ್ಪಾಯಿ ನೆಟ್ಟ ಎಂಟು ಹತ್ತು ತಿಂಗಳಿಗೆ ಹಣ್ಣು ಕೊಡುತ್ತದೆ, ಆದರೆ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಕೊಳೆತು ಬೀಳುತ್ತದೆ. ಎರೆಮಣ್ಣಿನಲ್ಲಿ ಅದನ್ನು ದಿಬ್ಬದ ಮೇಲೆಯೇ ನೆಡಬೇಕು. ತಿಂದ ಹಣ್ಣಿನ ಬೀಜದಿಂದ ಎದ್ದ ಗಿಡ ಗಂಡಾಗಿ ಬರೀ ಹೂ ಬಿಡುವ ಸಂಭವವಿದೆ. ರೆಡ್ ಲೇಡಿಯಂತಹ ತಳಿಗಳಲ್ಲಿ ಗಂಡು ಗಿಡದ ಕಾಟವಿಲ್ಲ. ನುಗ್ಗೆಯಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಭಾಗ್ಯ ತಳಿ ಗಿಡ್ಡವಾಗಿ ಬೆಳೆದು ಬೇಗ ಕಾಯಿ ಬಿಡುವುದರಿಂದ ಮನೆಯಂಗಳಕ್ಕೆ ಹೇಳಿ ಮಾಡಿಸಿದಂತಿದೆ. ಇದನ್ನು ಬಾಗಿಲಿನಿಂದ ದೂರ ನೆಡಬೇಕು, ಕಂಬಳಿಹುಳುಗಳ ಹಾವಳಿ ಬಂದ ವರ್ಷ ಅದರ ಅರ್ಥ ತಿಳಿಯುತ್ತದೆ.

ದಾಳಿಂಬೆ ಈ ಜಿಲ್ಲೆಗಳ ಹೆಸರಾಂತ ಬೆಳೆ, ಬಿಸಿಲಿಗೂ ಸವಳಿಗೂ ಜಗ್ಗುವುದಿಲ್ಲ. ಆದರೂ ಮೊದಲ ಗಿಡವಾಗಿ ನಾನು ಅದನ್ನು ಹೇಳುವುದಿಲ್ಲ. ವಿಜಯಪುರ ಮತ್ತು ಬಾಗಲಕೋಟೆಯ ತೋಟಗಳನ್ನು ಹಾಳುಮಾಡಿದ ದುಂಡಾಣು ಅಂಗಮಾರಿ ರೋಗ ಹಣ್ಣಿನ ಮೇಲೆ ಎಣ್ಣೆಯಂತಹ ಕಪ್ಪು ಚುಕ್ಕೆಯಾಗಿ ಎದ್ದು ಸೀಳಿಬಿಡುತ್ತದೆ. ಪದೇಪದೇ ಸಿಂಪಡಣೆ ಮಾಡುವ ಬೆಳೆಗಾರರಿಗೇ ಹತೋಟಿಗೆ ಬರದ ರೋಗವದು, ಮನೆಯವರು ಮಕ್ಕಳು ಆಡುವ ಅಂಗಳದಲ್ಲಿ ಅಷ್ಟೊಂದು ಔಷಧಿ ಹೊಡೆಯುವುದು ಹೇಗೆ? ಚಿಕ್ಕು ಗಟ್ಟಿ ಮರ. ಕಲಾದಗಿಯ ಚಿಕ್ಕು ತಿಂದವರಿಗೆ ಅದರ ಯೋಗ್ಯತೆ ಹೇಳಬೇಕಿಲ್ಲ. ಆದರೆ ಬೆಳೆದಂತೆ ಇಪ್ಪತ್ತೈದು ಮೂವತ್ತು ಅಡಿ ಹರಡುವ ಮರಕ್ಕೆ ಮೂವತ್ತು ನಲವತ್ತರ ನಿವೇಶನದಲ್ಲಿ ಜಾಗವೆಲ್ಲಿ?

ಉಳಿದವು ಪೇರಲ ಮತ್ತು ಲಿಂಬೆ, ನಿಜವಾದ ಆಯ್ಕೆ ಇವೆರಡರ ನಡುವೆ. ಪೇರಲ ಎಲ್ಲ ಮಣ್ಣಿಗೂ ಹೊಂದಿಕೊಳ್ಳುತ್ತದೆ, ಸ್ವಲ್ಪ ಸವಳನ್ನೂ ತಡೆಯುತ್ತದೆ, ಗೂಟಿ (ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ್ದು) ಅಥವಾ ಕಸಿಯ ಗಿಡವಾದರೆ ಎರಡನೆಯ ಮೂರನೆಯ ವರ್ಷಕ್ಕೆ ಹಣ್ಣು ಬರುತ್ತದೆ, ಸವರಿ ಸವರಿ ತಲೆಯೆತ್ತರಕ್ಕೆ ಇಟ್ಟುಕೊಳ್ಳಬಹುದು. ಅರ್ಧ ಕತ್ತರಿಸಿದ ಬ್ಯಾರೆಲಿನಲ್ಲೂ ಬದುಕುತ್ತದೆ. ಅದರ ತೊಂದರೆ ಹಣ್ಣುನೊಣ, ಮಳೆಗಾಲದ ಹಣ್ಣಿನಲ್ಲಿ ಹುಳು ಹೆಚ್ಚು, ಚಳಿಗಾಲದ ಹಣ್ಣು ಶುದ್ಧ ಮತ್ತು ಸಿಹಿ. ಕಾಯಿ ಲಿಂಬೆಯಷ್ಟಾದಾಗ ಹಳೆಯ ಪತ್ರಿಕೆಯ ಪೊಟ್ಟಣ ಕಟ್ಟಿದರೆ ಸಾಕು.

ಲಿಂಬೆ ಈ ಜಿಲ್ಲೆಯ ಹೆಮ್ಮೆ. ಇಂಡಿ ತಾಲ್ಲೂಕಿನ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುವುದರಿಂದ ಮನೆಬಳಕೆಗೆ ಇದಕ್ಕಿಂತ ಉಪಯುಕ್ತ ಗಿಡವಿಲ್ಲ. ಆದರೆ ಇದು ಸವಳು ನೀರನ್ನು ಸಹಿಸುವುದಿಲ್ಲ, ಸುಣ್ಣ ಹೆಚ್ಚಿರುವ ಎರೆಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದ ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರುಳಿಯುತ್ತವೆ. ನೀರು ಸಿಹಿಯಾಗಿದ್ದರೆ ಲಿಂಬೆ, ಸವಳಾಗಿದ್ದರೆ ಪೇರಲ ಎಂದು ನಿರ್ಧರಿಸಬಹುದು.

ನರ್ಸರಿಯಲ್ಲಿ ಕೊಳ್ಳುವಾಗ ಈ ಎರಡಕ್ಕೂ ಬೇರೆ ಬೇರೆ ಅಳತೆ. ಪೇರಲದ ಬೀಜದಿಂದ ಎದ್ದ ಗಿಡ ತಾಯಿಗಿಡದಂತೆಯೇ ಇರುತ್ತದೆಂಬ ಭರವಸೆಯಿಲ್ಲ, ಆದ್ದರಿಂದ ಗೂಟಿ ಅಥವಾ ಕಸಿ ಗಿಡವನ್ನೇ ಕೇಳಿ ಪಡೆಯಬೇಕು, ಕಸಿಯ ಗಂಟನ್ನು ಕಣ್ಣಾರೆ ನೋಡಬೇಕು. ಲಿಂಬೆಯ ಒಂದೇ ಬೀಜದಿಂದ ಒಂದಕ್ಕಿಂತ ಹೆಚ್ಚು ಮೊಳಕೆ ಬರುವುದುಂಟು, ಅವುಗಳಲ್ಲಿ ಬಹುಪಾಲು ತಾಯಿಯ ಗುಣವನ್ನೇ ಹೊತ್ತಿರುತ್ತವೆ. ಹಾಗಾಗಿ ಬೀಜದ ಸಸಿಯೆಂದು ಅದನ್ನು ತಿರಸ್ಕರಿಸಬೇಕಿಲ್ಲ, ಹಣ್ಣಿಗೆ ನಾಲ್ಕೈದು ವರ್ಷ ಕಾಯುವ ತಾಳ್ಮೆ ಇದ್ದರಾಯಿತು. ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಎರಡು ಬುಟ್ಟಿ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಒಂದೆರಡು ಮಳೆಗೆ ಮಣ್ಣು ಕುಸಿದು ಕೂತ ಮೇಲೆ ಗಿಡ ನೆಡಬೇಕು. ಕಸಿಯ ಗಂಟು ನೆಲಮಟ್ಟಕ್ಕಿಂತ ಒಂದು ಗೇಣು ಮೇಲಿರಬೇಕು, ಅದರ ಕೆಳಗಿನಿಂದ ಒಡೆಯುವ ಚಿಗುರುಗಳು ಎಷ್ಟೇ ಹುಲುಸಾಗಿ ಕಂಡರೂ ಅವನ್ನು ಆಗಾಗ ಚಿವುಟಿ ಹಾಕುತ್ತಿರಬೇಕು.